ಹಳೇ ಕಾರಿನ ನಂಬರ್‌ಗೆ ಒಬ್ಬ 900 ಪೌಂಡ್ ಅಂತಾನೆ, ಇನ್ನೊಬ್ಬ 4,000 ಅಂತಾನೆ. ಈ ಪ್ಲೇಟ್‌ಗಳ ಬೆಲೆ ಯಾವುದರ ಮೇಲೆ ನಿಂತಿದೆ?

ಕಿರಣ್ ಎಂ:

ಎಲ್ರಿಗೂ ನಮಸ್ಕಾರ. ಯುಕೆಲಿ ಇರೋರು, ಅದ್ರಲ್ಲೂ ಇಷ್ಟದ ನಂಬರ್ ಕೊಂಡು ಕಾರಿಗೆ ಹಾಕ್ಕೊಳ್ಳೋ ಈ ಪರ್ಸನಲೈಸ್ಡ್ ನಂಬರ್ ಪ್ಲೇಟ್ ವ್ಯವಹಾರ ಸ್ವಲ್ಪ ಗೊತ್ತಿರೋರು ದಯವಿಟ್ಟು ಹೇಳಿ, ನನಗೆ ಇದರ ತಲೆ ಬುಡ ಅರ್ಥ ಆಗ್ತಿಲ್ಲ.

ನಮ್ಮ ಬೀದಿಲಿರೋ ಒಬ್ರು ವಯಸ್ಸಾದ ಹೆಂಗಸು ಇನ್ಮೇಲೆ ಡ್ರೈವಿಂಗ್ ಸಾಕು ಅಂತ ತಮ್ಮ ಹಳೇ ಹ್ಯಾಚ್‌ಬ್ಯಾಕ್ ನನಗೆ ಮಾರಿದ್ರು, ತೀರಾ ಕಮ್ಮಿ ದುಡ್ಡಿಗೆ. ಕಾರು 1990ರ ದಶಕದ್ದು, ಇಂಜಿನ್ ಚೆನ್ನಾಗೇ ಇದೆ ಆದ್ರೆ ಅಡಿಭಾಗ ಪೂರ್ತಿ ತುಕ್ಕು, ಮುಂದಿನ ಎಂಒಟಿ (ವರ್ಷವರ್ಷದ ವಾಹನ ತಪಾಸಣೆ) ಪಾಸ್ ಆಗೋ ಲಕ್ಷಣ ಇಲ್ಲ. ಸರಿ, ಸ್ಕ್ರ್ಯಾಪ್‌ಗೆ ಹಾಕಿಬಿಡೋಣ ಅಂತ ಯಾರ್ಡ್‌ಗೆ ಫೋನ್ ಕೂಡ ಮಾಡಿಟ್ಟಿದ್ದೆ. ಆಗ ಆಫೀಸಲ್ಲಿ ಒಬ್ರು ಫೋಟೋ ನೋಡಿ, ಅಯ್ಯೋ ಆ ನಂಬರ್ ನೋಡಿದ್ಯಾ, ಅದು ಕಾರಿಗಿಂತ ಜಾಸ್ತಿ ಬಾಳುತ್ತೆ ಅಂದ್ರು. ಮೂರು ಅಕ್ಷರ, ಆಮೇಲೆ ಎರಡೇ ಎರಡು ಅಂಕಿ, ಅಷ್ಟೇ. ಆ ಹೆಂಗಸಿನ ತಂದೆ ಕಾಲದಿಂದ ಒಂದು ಕಾರಿಂದ ಇನ್ನೊಂದು ಕಾರಿಗೆ ಬದಲಾಯಿಸ್ಕೊಂಡು ಬಂದಿರೋ ನಂಬರ್ ಅಂತೆ.

ಆನ್‌ಲೈನಲ್ಲಿ ಒಂದು ಡೀಲರ್ ಹತ್ರ ಕೇಳಿದ್ರೆ 900 ಪೌಂಡ್, ಇನ್ನೊಂದು ಕಡೆ 4,000 ಪೌಂಡ್ ಅಂತ ಬಂತು. ಅದೇ ನಂಬರ್, ಅದೇ ದಿನ. ಇಷ್ಟು ವ್ಯತ್ಯಾಸ ಹೆಂಗೆ ಸಾಧ್ಯ? ಚಿನ್ನ ಅಂದ್ರೆ ತೂಕ ಇದೆ, ಮನೆ ಅಂದ್ರೆ ಜಾಗ ಇದೆ, ಇದಕ್ಕೆ ಏನಿದೆ? ಒಂದು ಪ್ಲಾಸ್ಟಿಕ್ ಹಲಗೆ ಮೇಲೆ ಐದು ಗುರುತು. ಇದರ ಜೊತೆಗೆ ನನ್ನ ಹೆಂಡ್ತಿ ಮಗಳ ಹೆಸರಲ್ಲಿ ಒಂದು ಪ್ಲೇಟ್ ತಗೊಂಡಿಡೋಣ, ಮುಂದೆ ಬೆಲೆ ಏರುತ್ತೆ ಅಂತಿದ್ದಾಳೆ. ಅದೂ ಸರಿನಾ ಹೇಳಿ.


ಹಳೇಗಾಡಿ:

ಬೆಲೆ ವಿಷಯ ಆಮೇಲೆ, ಮೊದ್ಲು ಇದನ್ನ ಓದಿ. ಆ ಯಾರ್ಡ್‌ನವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳಿ. ನಂಬರ್ ತೆಗೆದಿಟ್ಕೊಳ್ದೆ ಕಾರು ಸ್ಕ್ರ್ಯಾಪ್ ಆಯ್ತು ಅಂದ್ರೆ ಆ ನಂಬರ್ ಮೇಲಿನ ನಿಮ್ಮ ಹಕ್ಕು ಕಾರಿನ ಜೊತೆಗೇ ಹೋಗುತ್ತೆ. ಎಷ್ಟೋ ಒಳ್ಳೊಳ್ಳೆ ನಂಬರ್‌ಗಳು ಹಿಂಗೇ ಕಳೆದುಹೋಗಿವೆ, ಮನೆಯವರಿಗೆ ಗೊತ್ತೇ ಇರಲ್ಲ, ತಾತನ ಕಾರು ಅಂತ ಎಳ್ಕೊಂಡು ಹೋಗಿ ಕೊಟ್ಟುಬಿಡ್ತಾರೆ. ನನಗೆ ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮಾಡ್ಬೇಕಾಗಿರೋದು ಏನು ಅಂದ್ರೆ, ಕಾರಿನ ನೋಂದಣಿ ಪತ್ರ, ಅಂದ್ರೆ ವಿ5ಸಿ ಲಾಗ್‌ಬುಕ್ ನಿಮ್ಮ ಹೆಸರಿಗೆ ಬಂದಿದ್ಯಾ ನೋಡಿ. ಬಂದಿದ್ರೆ ಇಲ್ಲಿನ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎ ಸೈಟಲ್ಲೇ ನಂಬರ್ ತೆಗೆದಿಟ್ಕೊಳ್ಳೋ ರಿಟೆನ್ಶನ್‌ಗೆ ಅಪ್ಲೈ ಮಾಡಬಹುದು, ಇಲ್ಲಾಂದ್ರೆ ವಿ317 ಫಾರ್ಮ್ ತುಂಬಿ ಅಂಚೆಲಿ ಕಳಿಸಬಹುದು. ಫೀಸು 80 ಪೌಂಡ್. ನಿಮಗೆ ವಿ778 ಅಂತ ಒಂದು ಸರ್ಟಿಫಿಕೇಟ್ ಬರುತ್ತೆ, ಅದು 10 ವರ್ಷ ನಡೆಯುತ್ತೆ, ಮುಗಿಯೋ ಮುಂಚೆ ನವೀಕರಿಸ್ಕೊಳ್ಳಬೇಕು. ಕಾರಿಗೆ ಅದರ ವಯಸ್ಸಿಗೆ ತಕ್ಕ ಬೇರೆ ನಂಬರ್ ಕೊಟ್ಟು ಹೊಸ ಲಾಗ್‌ಬುಕ್ ಕಳಿಸ್ತಾರೆ, ಅದು ಕೈಗೆ ಬಂದ ಮೇಲೆ ಕಾರನ್ನ ಏನು ಬೇಕಾದ್ರೂ ಮಾಡಿ.

ಶರತ್ತುಗಳಿವೆ. ಕಾರು ತನ್ನ ಇಂಜಿನ್ ಮೇಲೆ ತಾನೇ ಚಲಿಸೋ ಸ್ಥಿತಿಲಿರಬೇಕು, ಅಧಿಕಾರಿಗಳು ಬಂದು ನೋಡ್ತೀವಿ ಅಂದ್ರೆ ತೋರಿಸೋಕೆ ಸಿಗಬೇಕು, ಟ್ಯಾಕ್ಸ್ ಕಟ್ಟಿರಬೇಕು ಅಥವಾ ಕಾರು ರಸ್ತೆಗಿಳಿಸಲ್ಲ ಅನ್ನೋ ಘೋಷಣೆ, ಅಂದ್ರೆ ಎಸ್‌ಒಆರ್‌ಎನ್ ಹಾಕಿರಬೇಕು. ಎಸ್‌ಒಆರ್‌ಎನ್ ಮೇಲೆ 5 ವರ್ಷಕ್ಕಿಂತ ಜಾಸ್ತಿ ನಿಂತಿದ್ರೆ ಮಾತ್ರ ತಲೆನೋವು, ಆಗ ಟ್ಯಾಕ್ಸೂ ಎಂಒಟಿಯೂ ಎರಡೂ ಬೇಕು. ನಿಮ್ಮ ಇಂಜಿನ್ ಚೆನ್ನಾಗಿದೆ ಅಂದ್ರಲ್ಲ, ಅದು ದೊಡ್ಡ ಪುಣ್ಯ. ಹಾಗಾಗಿ ಬ್ಯಾಟರಿ ತೆಗೆದು ಮಾರೋದು, ಪಾರ್ಟ್ಸ್ ಬಿಚ್ಚೋದು ಇದೆಲ್ಲ ಸದ್ಯಕ್ಕೆ ಬೇಡ.


ಸುಮಾ ಆರ್:

ಹಳೇಗಾಡಿ ಅವರು ಹೇಳಿದ್ದು ಮೊದ್ಲು ಮಾಡಿ. ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಂಬರ್‌ನ ಬೆಲೆ ಅಂದ್ರೆ ನನ್ನ ಪ್ರಕಾರ ಒಂದೇ ವಿಷಯ: ವಿವರಿಸದೇ ಎಷ್ಟು ಜನ ಅದನ್ನ ಒಂದೇ ರೀತಿ ಓದ್ತಾರೆ, ಮತ್ತೆ ಅವರಲ್ಲಿ ಎಷ್ಟು ಜನರಿಗೆ ಅದು ತಮ್ಮದೇ ಅನ್ಸುತ್ತೆ. ಉಳಿದಿದ್ದೆಲ್ಲ, ಅಂದ್ರೆ ಹಳೇದು, ಚಿಕ್ಕದು, ವಿರಳ ಅನ್ನೋದೆಲ್ಲ ಇದಕ್ಕೆ ಪೂರಕ. ವಿರಳ ಅನ್ನೋದೊಂದೇ ಸಾಲಲ್ಲ, ಯಾಕಂದ್ರೆ ಪ್ರತಿ ನಂಬರೂ ಈ ದೇಶದಲ್ಲಿ ಒಂದೇ ಇರೋದು. ರಸ್ತೆಲಿ ಹೋಗೋ ಯಾವ ಕಾರಿನ ನಂಬರ್ ಬೇಕಾದ್ರೂ ತಗೊಳ್ಳಿ, ಅದರ ಜೋಡಿ ಇಲ್ಲ, ಆದ್ರೂ ಅದಕ್ಕೆ ಕಾಸಿನ ಬೆಲೆ ಇಲ್ಲ.

ನಿಮ್ಮದು ವರ್ಷದ ಗುರುತಿಲ್ಲದ ಡೇಟ್‌ಲೆಸ್ ನಂಬರ್, ಡೀಲರ್‌ಗಳು ತ್ರೀ ಬೈ ಟೂ ಅಂತಾರೆ, ಮೂರು ಅಕ್ಷರ ಎರಡು ಅಂಕಿ. ಇದಕ್ಕೆ ಯಾಕೆ ಬೇಡಿಕೆ ಅಂದ್ರೆ ಇಲ್ಲಿನ ಪದ್ಧತಿ ಸ್ವಲ್ಪ ನೋಡ್ಬೇಕು. 1904ರ ಜನವರಿ 1ರಿಂದ ಇಲ್ಲಿ ವಾಹನಗಳಿಗೆ ನಂಬರ್ ಕಡ್ಡಾಯ ಆಯ್ತು, ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆ ಥರ) ಒಂದು ಅಥವಾ ಎರಡು ಅಕ್ಷರ, ಅದರ ಮುಂದೆ 9999ರ ತನಕ ಅಂಕಿ. ಅದು ಖಾಲಿ ಆಗೋಕೆ ಶುರುವಾದಾಗ 1932ರಲ್ಲಿ ಸ್ಟಾಫರ್ಡ್‌ಶೈರ್‌ನವರು ಮೂರು ಅಕ್ಷರಕ್ಕೆ ಹೋದ್ರು. 1963ರಿಂದ ಕೊನೆಗೆ ವರ್ಷ ಸೂಚಿಸೋ ಒಂದು ಅಕ್ಷರ ಬಂತು, 1983ರ ಆಗಸ್ಟಲ್ಲಿ ಆ ಅಕ್ಷರ ಮುಂದಕ್ಕೆ ಹೋಯ್ತು, 2001ರ ಸೆಪ್ಟೆಂಬರ್‌ನಿಂದ ಈಗಿನ ಪದ್ಧತಿ: ಎರಡಕ್ಷರ, ವರ್ಷ ಹೇಳೋ ಎರಡು ಅಂಕಿ, ಮತ್ತೆ ಮೂರಕ್ಷರ.

ಇಲ್ಲಿ ಒಂದು ನಿಯಮ ಎಲ್ಲ ಬೆಲೆಗೂ ಮೂಲ. ಕಾರನ್ನ ಅದರ ನಿಜವಾದ ವಯಸ್ಸಿಗಿಂತ ಹೊಸದಾಗಿ ಕಾಣಿಸೋ ನಂಬರ್ ಹಾಕೋ ಹಾಗಿಲ್ಲ. 2015ರ ನಂಬರನ್ನ 2010ರ ಕಾರಿಗೆ ಹಾಕೋಕಾಗಲ್ಲ. ಹಳೇ ನಂಬರನ್ನ ಹೊಸ ಕಾರಿಗೆ ಧಾರಾಳವಾಗಿ ಹಾಕಬಹುದು. ಹಾಗಾಗಿ ವರ್ಷವೇ ಇಲ್ಲದ ನಂಬರ್ ಅಂದ್ರೆ ಯಾವ ಕಾರಿಗಾದ್ರೂ ಕೂರುತ್ತೆ, ಕಾರು ಎಷ್ಟು ಹಳೇದು ಅಂತ ನೋಡೋರಿಗೆ ಗೊತ್ತೂ ಆಗಲ್ಲ. ಕ್ಯೂ ಅಕ್ಷರದಿಂದ ಶುರುವಾಗೋ ನಂಬರ್ ಇರೋ ವಾಹನಗಳಿಗೆ ಮಾತ್ರ ಈ ಯಾವ ಅದಲುಬದಲೂ ಇಲ್ಲ.

ಈಗ ದೊಡ್ಡ ಮಾರಾಟಗಳನ್ನ ನೋಡಿ, ಪ್ರತಿಯೊಂದರಲ್ಲೂ ಓದೋರು ಯಾರು ಅನ್ನೋದೇ ಬೆಲೆ ಕಟ್ಟಿರೋದು. ಎಫ್1 ಅನ್ನೋ ನಂಬರ್ ಎಸೆಕ್ಸ್ ಕೌಂಟಿದು, ಯಾಕಂದ್ರೆ ಎಫ್ ಅಂದ್ರೆ ಎಸೆಕ್ಸ್‌ಗೆ ಕೊಟ್ಟಿದ್ದ ಅಕ್ಷರ, 1904ರಿಂದ ಕೌಂಟಿ ಹತ್ರಾನೇ ಇತ್ತು. ಅದನ್ನ ಕೊಟ್ಟಾಗ ಫಾರ್ಮುಲಾ ಒನ್ ರೇಸ್ ಅನ್ನೋ ಕಲ್ಪನೆಯೂ ಇರಲಿಲ್ಲ. 2008ರಲ್ಲಿ ಕೌಂಟಿಯವರು ಹರಾಜು ಹಾಕಿದಾಗ ಎಲ್ಲ ಖರ್ಚು ಸೇರಿ 4,40,625 ಪೌಂಡ್ ಆಯ್ತು. ಒಂದು ನೂರು ವರ್ಷ ಅದೇ ನಂಬರ್, ಬದಲಾಗಿದ್ದು ನೋಡೋರ ತಲೇಲಿರೋ ಅರ್ಥ.

25 ಓ ಇನ್ನೂ ಚೆನ್ನಾಗಿರೋ ಉದಾಹರಣೆ. ಅಕ್ಷರ ಓ, ಆದ್ರೆ ಸೊನ್ನೆ ಥರ ಕಾಣೋದ್ರಿಂದ 250 ಅಂತ ಓದಿಸ್ಕೊಳ್ಳುತ್ತೆ. ಬೇರೆಯವರಿಗೆ 250 ಅಂದ್ರೆ ಏನೂ ಅಲ್ಲ, ಫೆರಾರಿ 250 ಸರಣಿಯ ಕಾರು ಇಟ್ಕೊಂಡೋರಿಗೆ ಅದು ಕಾರಿನ ಹೆಸರು. 2014ರ ಡಿವಿಎಲ್‌ಎ ಹರಾಜಲ್ಲಿ ಒಬ್ಬ ಫೆರಾರಿ ಡೀಲರ್ ತಗೊಂಡ್ರು. ಸುತ್ತಿಗೆ ಬಿದ್ದಿದ್ದು 4 ಲಕ್ಷ ಪೌಂಡ್‌ಗೆ, ಅದರ ಮೇಲೆ ಹರಾಜಿನವರ ಪ್ರೀಮಿಯಂ (ಕೊಳ್ಳೋರು ಕೊಡೋ ಕಮಿಷನ್), ಎರಡಕ್ಕೂ 20 ಪರ್ಸೆಂಟ್ ವ್ಯಾಟ್, ಕೊನೆಗೆ 80 ಪೌಂಡ್ ಫೀಸು, ಒಟ್ಟು 5,18,480 ಪೌಂಡ್. ಸುತ್ತಿಗೆ ಬೆಲೆಗೂ ಕೈಯಿಂದ ಹೋಗೋ ದುಡ್ಡಿಗೂ ಎಷ್ಟು ಅಂತರ ನೋಡಿ, ಪೇಪರಲ್ಲಿ ಬರೋ ಬೆಲೆ ಯಾವುದು ಅಂತ ಯಾವಾಗ್ಲೂ ವಿಚಾರಿಸಿ.

51 ಎನ್‌ಜಿಎಚ್ 2006ರಲ್ಲಿ 2,54,000 ಪೌಂಡ್. 5 ಅನ್ನ ಎಸ್ ಅಂತ, 1 ಅನ್ನ ಐ ಅಂತ ಓದಿ, ಸಿಂಗ್ ಅಂತ ಬರುತ್ತೆ. ಬ್ರಿಟನ್ನಲ್ಲಿ ಆ ಹೆಸರಿನ ಕುಟುಂಬಗಳು ಅದೆಷ್ಟು ಇವೆ ಯೋಚ್ನೆ ಮಾಡಿ, ಅದನ್ನ ಓದೋಕೆ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಬೇಡಿಕೆ ಅಂದ್ರೆ ಇದು.

ಈಗ ನಿಮ್ಮ ಐದು ಗುರುತು. ಅದು ಯಾವುದೋ ಪದ ಆಗದಿದ್ರೆ ಅದನ್ನ ಇನಿಶಿಯಲ್ಸ್ ಅಂತ ನೋಡ್ತಾರೆ. ಜೆ, ಎಂ, ಎಸ್, ಎ, ಆರ್ ಥರದ ಅಕ್ಷರಗಳಿದ್ರೆ ಆ ಇನಿಶಿಯಲ್ ಇರೋ ಜನ ಜಾಸ್ತಿ, ಎಕ್ಸ್ ಅಥವಾ ವೈ ಇದ್ರೆ ಕಮ್ಮಿ. ಅಂಕಿ 1 ಇದ್ರೆ ಕಥೆಯೇ ಬೇರೆ, 10, 11, 77, 99 ಥರದ್ದು ಚೆನ್ನಾಗಿ ಹೋಗುತ್ತೆ, 47, 83 ಥರದ್ದಕ್ಕೆ ಆ ವರ್ಷ ಹುಟ್ಟಿದ ಅದೇ ಇನಿಶಿಯಲ್‌ನವರು ಸಿಗೋ ತನಕ ಕಾಯ್ಬೇಕು. 900ಕ್ಕೂ 4,000ಕ್ಕೂ ಇರೋ ಅಂತರ ಇಲ್ಲೇ ಹುಟ್ಟೋದು. ಮೊದಲನೇ ಡೀಲರ್ ನಾಳೆ ದುಡ್ಡು ಕೊಟ್ಟು ತಾನೇ ತಗೊಳ್ಳೋ ಬೆಲೆ ಹೇಳಿರಬಹುದು, ಎರಡನೆಯವರು ಸರಿಯಾದ ಗಿರಾಕಿ ಬಂದ್ರೆ ಹಾಕಬಹುದಾದ ಬೋರ್ಡ್ ಬೆಲೆ ಹೇಳಿರಬಹುದು. ಎರಡೂ ಸುಳ್ಳಲ್ಲ, ಆದ್ರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಇಬ್ರಿಗೂ ಮೇಲ್ ಹಾಕಿ, ನೀವೇ ತಗೋತೀರಾ, ಎಷ್ಟು ದಿನದಲ್ಲಿ ನನ್ನ ಅಕೌಂಟಿಗೆ ಎಷ್ಟು ಬರುತ್ತೆ ಅಂತ ಕೇಳಿ, ಆಗ ಗೊತ್ತಾಗುತ್ತೆ.


ಪ್ರಶಾಂತ್ ಜಿ:

ಮಗಳ ಹೆಸರಿನ ಪ್ಲೇಟ್ ಬಗ್ಗೆ ನಾನು ಹೇಳ್ತೀನಿ, ನನಗೆ ಇದರದ್ದೇ ಹುಚ್ಚು, ಖಾಲಿ ಕೂತಾಗೆಲ್ಲ ನಮ್ಮವರ ಹೆಸರುಗಳು ಯಾವ ಪದ್ಧತಿಲಿ ಕೂರುತ್ತೆ ಅಂತ ಬರೆದು ನೋಡ್ತಿರ್ತೀನಿ.

ನಮ್ಮ ಹೆಸರುಗಳಿಗೆ ಅತಿ ಒಳ್ಳೇದು 1983ರಿಂದ 2001ರ ತನಕದ ಪದ್ಧತಿ, ಒಂದು ಅಕ್ಷರ, ಒಂದರಿಂದ ಮೂರು ಅಂಕಿ, ಕೊನೆಗೆ ಮೂರು ಅಕ್ಷರ. 4 ಅಂದ್ರೆ ಎ, 3 ಅಂದ್ರೆ ಇ, 5 ಅಂದ್ರೆ ಎಸ್, 1 ಅಂದ್ರೆ ಐ ಅಂತ ಓದೋದು ಇಲ್ಲಿ ಎಲ್ರಿಗೂ ರೂಢಿ. ಎಂ, 4, ಡಿ-ಎಚ್-ಯು ಅಂತ ಬರೆದು ನೋಡಿ, ಮಧು. ಆರ್, 4, ಎಂ-ವೈ-ಎ ಅಂದ್ರೆ ರಮ್ಯಾ. ಕೆ, 4, ವಿ-ವೈ-ಎ ಅಂದ್ರೆ ಕಾವ್ಯಾ. ಜಿ, 33, ಟಿ-ಎಚ್-ಎ ಅಂದ್ರೆ ಗೀತಾ. ವಿ, 1, ಜೆ-ಎ-ವೈ ಅಂತೂ ಎಷ್ಟು ಚೆನ್ನಾಗಿದೆ, ವಿಜಯ್, ಒಂದು ಅಕ್ಷರಾನೂ ಹೆಚ್ಚಿಲ್ಲ ಕಮ್ಮಿ ಇಲ್ಲ. ಜಿ ಅಕ್ಷರ 1989ರ ಆಗಸ್ಟಲ್ಲಿ ಶುರುವಾಗಿದ್ದು, ಹಾಗಾಗಿ ಗೀತಾ ಅನ್ನೋ ಪ್ಲೇಟ್ ಆಮೇಲೆ ಬಂದ ಎಲ್ಲ ಕಾರಿಗೂ ಹಾಕಬಹುದು. ಇವೆಲ್ಲ ಯಾರ ಹತ್ರ ಇದೆ, ಮಾರಾಟಕ್ಕಿದ್ಯಾ ಅನ್ನೋದನ್ನ ನೀವೇ ಡಿವಿಎಲ್‌ಎ ಸೈಟಲ್ಲಿ, ಡೀಲರ್‌ಗಳ ಹತ್ರ ಹುಡುಕಿ ನೋಡ್ಬೇಕು, ನಾನು ಹೇಳ್ತಿರೋದು ರಚನೆ ಮಾತ್ರ.

ಆ ಅಕ್ಷರಗಳಲ್ಲೂ ಐ, ಓ, ಕ್ಯೂ, ಯು, ಝಡ್ ವರ್ಷದ ಅಕ್ಷರವಾಗಿ ಬಂದೇ ಇಲ್ಲ. ಅಂದ್ರೆ ಉಮಾ, ಉಷಾ ಅನ್ನೋರಿಗೆ ಈ ದಾರಿ ಮುಚ್ಚಿದೆ.

ಈಗ ತಮಾಷೆ ಅಲ್ಲದ ಒಂದು ವಿಷಯ, ಇದನ್ನ ಡೀಲರ್‌ಗಳು ಯಾರೂ ಬಿಡಿಸಿ ಹೇಳಲ್ಲ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ನಂಬರ್‌ಗಳಲ್ಲಿ ಐ ಅನ್ನೋ ಅಕ್ಷರಾನೇ ಬರಲ್ಲ, ಅದು ಐರ್ಲೆಂಡ್ ಕಡೆಗೆ ಮೀಸಲು. ನಮ್ಮಲ್ಲಿ ರವಿ, ದೇವಿ, ಲಕ್ಷ್ಮಿ, ಶ್ರುತಿ ಅಂತ ಇ ಸ್ವರದಲ್ಲಿ ಮುಗಿಯೋ ಹೆಸರು ಎಷ್ಟಿವೆ. ಆ ಕೊನೆಯ ಐ ಜಾಗಕ್ಕೆ 1 ಬೇಕು, ಅಂದ್ರೆ ನಂಬರ್ ಅಂಕಿಯಲ್ಲಿ ಮುಗೀಬೇಕು. 1963ರಿಂದೀಚೆಗಿನ ಮೂರೂ ಪದ್ಧತಿಗಳನ್ನ ನೋಡಿ, ಎಲ್ಲವೂ ಅಕ್ಷರದಲ್ಲೇ ಮುಗಿಯುತ್ತೆ. ಅಂಕಿಯಲ್ಲಿ ಮುಗಿಯೋದು ಡೇಟ್‌ಲೆಸ್ ಮಾತ್ರ. ಹಾಗಾಗಿ ಆರ್-ಎ-ವಿ 1 ಥರದ್ದು ಬೇಕು ಅಂದ್ರೆ ಹಳೇ ಪದ್ಧತಿಯ ನಂಬರ್ 1ಕ್ಕೆ ಕೈ ಹಾಕ್ಬೇಕು, ಅದು ಎಲ್ಲಕ್ಕಿಂತ ದುಬಾರಿ ವರ್ಗ. ರಮ್ಯಾಗೂ ರವಿಗೂ ಬೆಲೆ ವ್ಯತ್ಯಾಸ ಬರೋದು ಹೆಸರಿನ ಜನಪ್ರಿಯತೆಯಿಂದ ಮಾತ್ರ ಅಲ್ಲ, ಕೊನೆಯ ಸ್ವರದಿಂದ!

ಈಗಿನ ಪದ್ಧತಿಲಿ ಇನ್ನೊಂದು ಸ್ವಾರಸ್ಯ. ವರ್ಷದ ಅಂಕಿ ಮಾರ್ಚಲ್ಲಿ ಆ ವರ್ಷದ್ದು, ಸೆಪ್ಟೆಂಬರಲ್ಲಿ ಅದಕ್ಕೆ 50 ಕೂಡಿಸಿದ್ದು. 15 ಅಂದ್ರೆ ಐ-ಎಸ್ ಅಂತ ಓದಬಹುದು, ಅದು 2015ರ ಮಾರ್ಚ್‌ನ ಸರಣಿಲಿ ಮಾತ್ರ ಬಂತು. ಕೆಆರ್15 ಎಚ್‌ಎನ್‌ಎ ಅನ್ನೋದನ್ನ ಬರೆದು ನೋಡಿ, ಕೆ-ಆರ್-ಐ-ಎಸ್-ಎಚ್-ಎನ್-ಎ, ಪೂರ್ತಿ ಕೃಷ್ಣ. ಅದು ಹರಾಜಲ್ಲಿ 2,33,000 ಪೌಂಡ್‌ಗೆ ಹೋಯ್ತು. ಏಳಕ್ಕೆ ಏಳೂ ಗುರುತು ಕೆಲಸಕ್ಕೆ ಬಂದಿದೆ, ಎಲ್ಲೂ ಊಹೆ ಮಾಡ್ಕೊಳ್ಳೋ ಹಾಗಿಲ್ಲ, ಮತ್ತೆ ಆ ಹೆಸರು ಒಬ್ಬ ವ್ಯಕ್ತಿದಲ್ಲ, ಮನೆಮನೆ ದೇವರದು. ಆ ಸರಣಿ ದಾಟಿದ್ರೆ ಅದೇ ಹೆಸರು ಅಷ್ಟು ಸರಿಯಾಗಿ ಮತ್ತೆ ಕೂರಲ್ಲ.

ಮಗಳ ಹೆಸರು ಹೇಳ್ಬೇಡಿ ಇಲ್ಲಿ, ಆದ್ರೆ ಈ ಲೆಕ್ಕದಲ್ಲಿ ಒಂದು ಸಲ ಕಾಗದದ ಮೇಲೆ ಬರೆದು ನೋಡಿ. ಡಿವಿಎಲ್‌ಎ ಹತ್ರ 250 ಪೌಂಡ್‌ನಿಂದ ಪ್ಲೇಟ್‌ಗಳು ಶುರುವಾಗುತ್ತೆ.


ಕಿರಣ್ ಎಂ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಯಾರ್ಡ್‌ನವರಿಗೆ ಬೇಡ ಅಂತ ಹೇಳಿದೆ, ಲಾಗ್‌ಬುಕ್ ನನ್ನ ಹೆಸರಲ್ಲೇ ಇದೆ. ಪ್ರಶಾಂತ್ ಅವರ ಲೆಕ್ಕ ಓದಿದ ಮೇಲೆ ಹೆಂಡ್ತಿ ಪೆನ್ನು ಹಿಡ್ಕೊಂಡು ಕೂತಿದ್ದಾಳೆ.

ಇನ್ನೊಂದು ಡೌಟು. 4,000 ಅಂದ ಡೀಲರ್ ಫೋನಲ್ಲಿ ಹೇಳಿದ್ದು ಏನಂದ್ರೆ, ನಿಮ್ಮ ನಂಬರಲ್ಲಿ ಅಕ್ಷರಕ್ಕೂ ಅಂಕಿಗೂ ನಡುವೆ ಇರೋ ಜಾಗ ಸ್ವಲ್ಪ ಸರಿಸಿದ್ರೆ ಒಂದು ಹೆಸರು ಬರುತ್ತೆ, ಅದಕ್ಕೇ ಈ ಬೆಲೆ ಅಂತ. ಜಾಗ ಸರಿಸೋದು ಸರಿನಾ? ರಸ್ತೆಲಿ ಹಂಗೆ ಹಾಕ್ಕೊಂಡು ಓಡಾಡೋರನ್ನ ನೋಡಿದೀನಿ.


ಹಳೇಗಾಡಿ:

ಸರಿ ಅಲ್ಲ. ಇದು ಮೂಗಿಗೆ ತುಪ್ಪ ಸವರೋ ಮಾತು, ಇದಕ್ಕೆ ಬೆಲೆ ಕಟ್ಟೋ ಡೀಲರ್‌ನ ನಂಬ್ಬೇಡಿ.

ಅಕ್ಷರದ ಎತ್ತರ 79 ಮಿಲಿಮೀಟರ್, ಅಗಲ 50, ಗೀಟಿನ ದಪ್ಪ 14. ಒಂದು ಗುರುತಿಂದ ಇನ್ನೊಂದಕ್ಕೆ 11 ಮಿಲಿಮೀಟರ್ ಅಂತರ, ಅಕ್ಷರದ ಗುಂಪಿಗೂ ಅಂಕಿಯ ಗುಂಪಿಗೂ ನಡುವೆ 33 ಮಿಲಿಮೀಟರ್. ಆ 33 ಅನ್ನೋದು ಅಲಂಕಾರಕ್ಕಲ್ಲ, ಕ್ಯಾಮೆರಾಗೂ ಮನುಷ್ಯರಿಗೂ ಓದೋಕೆ. ಅದನ್ನ ಸರಿಸಿದ್ರೆ, ಅಥವಾ 1ರ ಮಧ್ಯ ಕಪ್ಪು ಬೋಲ್ಟ್ ಹಾಕಿ ಬೇರೆ ಅಕ್ಷರ ಥರ ಮಾಡಿದ್ರೆ, 1,000 ಪೌಂಡ್ ತನಕ ದಂಡ, ಎಂಒಟಿನೂ ಫೇಲ್ ಆಗುತ್ತೆ. ಅದಕ್ಕಿಂತ ಹೆಚ್ಚಿನದು ಏನಂದ್ರೆ ಡಿವಿಎಲ್‌ಎ ನಂಬರನ್ನೇ ವಾಪಸ್ ತಗೋಬಹುದು. ಯಾಕಂದ್ರೆ ನೀವು ಎಷ್ಟೇ ಲಕ್ಷ ಕೊಟ್ಟಿರಿ, ನಂಬರ್ ನಿಮ್ಮ ಆಸ್ತಿ ಅಲ್ಲ, ಅದನ್ನ ಹಾಕ್ಕೊಳ್ಳೋ ಹಕ್ಕು ಮಾತ್ರ ನಿಮ್ಮದು. ಇಷ್ಟೊಂದು ದುಡ್ಡು ಸುರಿಯೋರಲ್ಲಿ ಎಷ್ಟೋ ಜನಕ್ಕೆ ಈ ಒಂದು ಸಾಲು ಗೊತ್ತಿರಲ್ಲ.

ಆದ್ದರಿಂದ ಪರೀಕ್ಷೆ ಸರಳ. ನಿಮ್ಮ ನಂಬರನ್ನ ಕಾನೂನಿನ ಪ್ರಕಾರ ಜಾಗ ಬಿಟ್ಟು ಬರೀರಿ, ಏನೂ ಹೇಳದೆ ಪರಿಚಯ ಇಲ್ಲದ ನಾಲ್ಕು ಜನಕ್ಕೆ ತೋರಿಸಿ. ಹೆಸರು ಓದಿದ್ರೆ ಹೆಸರಿನ ಬೆಲೆ, ಓದದಿದ್ರೆ ಇನಿಶಿಯಲ್ಸ್‌ನ ಬೆಲೆ. 25 ಓ ಆಗಲಿ 51 ಎನ್‌ಜಿಎಚ್ ಆಗಲಿ ಜಾಗ ಸರಿಸದೇ ಓದಿಸ್ಕೊಳ್ಳುತ್ತೆ, ಅದಕ್ಕೇ ಅಷ್ಟು.


ವಾಣಿ:

ಇಷ್ಟೆಲ್ಲ ಓದ್ತಾ ನನಗೆ ಆ ಹೆಂಗಸಿನ ಯೋಚ್ನೆನೇ ಬರ್ತಿದೆ. ಅವರ ತಂದೆ ಕಾಲದಿಂದ ಕಾಪಾಡ್ಕೊಂಡು ಬಂದ ನಂಬರ್ ಅಂದ್ರಿ. ಪ್ರತಿ ಸಲ ಕಾರು ಬದಲಾಯಿಸುವಾಗ ಫಾರ್ಮ್ ತುಂಬಿ, ಫೀಸು ಕಟ್ಟಿ, ಹೊಸ ಪ್ಲೇಟ್ ಮಾಡಿಸಿ ತಂದಿದ್ದಾರೆ, ಯಾರೂ ಸುಮ್ಮನೆ ಇಷ್ಟು ಮಾಡಲ್ಲ. ಕಾನೂನು ಪ್ರಕಾರ ಕಾರಿನ ಜೊತೆ ಬಂದ ಮೇಲೆ ಅದು ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರಿಗೆ ಅದರ ಬೆಲೆ ಗೊತ್ತಿತ್ತಾ? ಮಾರೋವಾಗ ನಂಬರ್ ತೆಗೆದಿಟ್ಕೋಬಹುದು ಅಂತ ಯಾರಾದ್ರೂ ಹೇಳಿದ್ರಾ? ಮಕ್ಕಳೋ ಮೊಮ್ಮಕ್ಕಳೋ ಇದ್ರೆ ಅದೇ ಇನಿಶಿಯಲ್ ಇರಬಹುದು.

ಒಂದು ಸಲ ಹೋಗಿ ಮಾತಾಡಿ. ರಿಟೆನ್ಶನ್ ಮಾಡಿಸಿ ಅವರ ಮನೆಯವರ ಹೆಸರಿಗೆ ಕೊಟ್ರೂ ಆಯ್ತು, ಮಾರಿ ಪಾಲು ಮಾಡ್ಕೊಂಡ್ರೂ ಆಯ್ತು, ಅವರೇ ನಂಗೇನೂ ಬೇಡ ಅಂದ್ರೆ ಅದೂ ಸರಿ. ಬೆಲೆ ಅಂದ್ರೆ ಯಾರಿಗೆ ಅದು ತಮ್ಮದು ಅನ್ಸುತ್ತೆ ಅಂತ ಸುಮಾ ಅವರೇ ಬರೆದಿದ್ದಾರಲ್ಲ. ಈ ನಂಬರ್ ವಿಷಯದಲ್ಲಿ ಆ ಮನೆಯವರಿಗಿಂತ ಹೆಚ್ಚಿಗೆ ಯಾರಿಗೆ ಅನ್ಸುತ್ತೆ?


ಕಿರಣ್ ಎಂ:

ವಾಣಿ ಅವರೇ, ನಿಜ, ಅವರಿಗೆ ಗೊತ್ತಿತ್ತು ಅಂತ ನನಗನ್ಸಲ್ಲ. ಭಾನುವಾರ ಹೋಗಿ ಮಾತಾಡ್ತೀನಿ. ಅವರ ಮಗ ಬೇರೆ ಊರಲ್ಲಿದ್ದಾರೆ, ಅವರನ್ನೂ ಕೇಳೋಣ. ಅವರಿಗೆ ಬೇಕು ಅಂದ್ರೆ ಫೀಸು ತಗೊಂಡು ಕೊಟ್ಟುಬಿಡ್ತೀನಿ. ಬೇಡ ಅಂದ್ರೆ ಮಾರೋದು ಹೆಂಗೆ ಅಂತ ಸುಮಾ ಅವರು ಇನ್ನೊಂದು ಸ್ವಲ್ಪ ಹೇಳಿದ್ರೆ ಉಪಕಾರ ಆಗುತ್ತೆ, ಹೂಡಿಕೆ ಬಗ್ಗೆನೂ.


ಸುಮಾ ಆರ್:

ಹೂಡಿಕೆ ಅಂತ ತಗೊಳ್ಳೋದು ನನಗೆ ಇಷ್ಟ ಇಲ್ಲ, ಕಾರಣ ಹೇಳ್ತೀನಿ. ಷೇರು ಆದ್ರೆ ಬೆಳಿಗ್ಗೆ ಮಾರ್ತೀನಿ ಅಂದ್ರೆ ಬೆಳಿಗ್ಗೆ ಕೊಳ್ಳೋರಿರ್ತಾರೆ. ಪ್ಲೇಟ್‌ಗೆ ಹಂಗಿಲ್ಲ, ನಿಮ್ಮ ಮಗಳ ಹೆಸರಿನ ಪ್ಲೇಟ್ ಬೇಕಾಗಿರೋರು ಅದೇ ಹೆಸರಿನವರು ಅಥವಾ ಅವರಪ್ಪ ಅಮ್ಮ ಮಾತ್ರ. ಬೆಲೆ ಏರಬೇಕು ಅಂದ್ರೆ ಒಬ್ಬ ಗಿರಾಕಿ ಸಾಲಲ್ಲ, ಒಬ್ಬರ ಮೇಲೊಬ್ಬರು ಕೂಗೋಕೆ ಇಬ್ರು ಬೇಕು. ನಮ್ಮ ಹೆಸರುಗಳನ್ನ ಬರೆಯೋ ರೀತಿನೂ ಒಬ್ಬೊಬ್ಬರದು ಒಂದೊಂದು, ಗೀತಾಗೆ ಎಚ್ ಇರೋರು, ಎಚ್ ಇಲ್ಲದೋರು, ಎರಡು ಇ ಹಾಕೋರು, ಒಂದೇ ಇ ಹಾಕೋರು, ಹಾಗಾಗಿ ಇರೋ ಕೊಂಚ ಗಿರಾಕಿಗಳೂ ಹಂಚಿಹೋಗ್ತಾರೆ. ಇನ್ನೊಂದು, ಡಿವಿಎಲ್‌ಎ 1989ರಿಂದ ತಾನೇ ನಂಬರ್ ಮಾರ್ತಿದೆ, ಪ್ರತಿ ಮಾರ್ಚ್, ಪ್ರತಿ ಸೆಪ್ಟೆಂಬರ್ ಹೊಸ ಸರಣಿ ಬರ್ತಾನೇ ಇರುತ್ತೆ. ಸರಕು ಬರ್ತಾನೇ ಇರೋ ಕಡೆ ಸಾಧಾರಣ ಪ್ಲೇಟ್ ಬೆಲೆ ಯಾಕೆ ಏರುತ್ತೆ? ಡೇಟ್‌ಲೆಸ್ ಮಾತ್ರ ಬ್ರಿಟನ್ ಮುಖ್ಯ ಭೂಮಿಲಿ ಹೊಸದಾಗಿ ಹುಟ್ಟಲ್ಲ, ಅದರಲ್ಲೂ ಚಿಕ್ಕ ಅಂಕಿಯವಕ್ಕೆ ಗಟ್ಟಿ ನೆಲೆ ಇದೆ. ಉತ್ತರ ಐರ್ಲೆಂಡಲ್ಲಿ ಐ ಅಥವಾ ಝಡ್ ಇರೋ ಮೂರಕ್ಷರದ ವರ್ಷವಿಲ್ಲದ ನಂಬರ್ ಈಗಲೂ ಕೊಡ್ತಾರೆ, ಕಾರಿನ ವಯಸ್ಸು ಮುಚ್ಚೋಕೆ ಮಾತ್ರ ಬೇಕಾದೋರು ಅದನ್ನ ಕಮ್ಮಿಗೆ ತಗೋತಾರೆ, ಹಾಗಾಗಿ ಅರ್ಥ ಇಲ್ಲದ ಡೇಟ್‌ಲೆಸ್‌ಗೆ ಅದೊಂದು ಪೈಪೋಟಿ.

ಮಗಳ ಖುಷಿಗೆ ತಗೊಳ್ಳಿ, ಚೆನ್ನಾಗಿರುತ್ತೆ. ದುಡ್ಡು ಬೆಳೆಯುತ್ತೆ ಅಂತ ಬೇಡ.

ಮಾರೋ ವಿಷಯ. ಡೀಲರ್ ಮೂಲಕ ಹೋದ್ರೆ ಅವರ ಕಮಿಷನ್ ಎಷ್ಟು, ಬೋರ್ಡ್ ಬೆಲೆ ಎಷ್ಟು ಹಾಕ್ತಾರೆ, ನಿಮ್ಮ ಕೈಗೆ ಎಷ್ಟು ಅನ್ನೋದು ಬರಹದಲ್ಲಿ ತಗೊಳ್ಳಿ. ಲಿಸ್ಟ್ ಮಾಡೋಕೇ ಮುಂಗಡ ಫೀಸು ಕೇಳೋರ ಹತ್ರ ಹೋಗ್ಬೇಡಿ. ಬೇರೆ ಬೇರೆ ಸೈಟಲ್ಲಿ ಕಾಣೋ ಬೆಲೆ ಎಲ್ಲ ಕೇಳ್ತಿರೋ ಬೆಲೆ, ಮಾರಾಟ ಆದ ಬೆಲೆ ಅಲ್ಲ, ಆದ್ದರಿಂದ ಹರಾಜಿನ ಫಲಿತಾಂಶಗಳಲ್ಲಿ ನಿಮ್ಮದೇ ಥರದ ಮೂರಕ್ಷರ ಎರಡಂಕಿಯವು ಎಷ್ಟಕ್ಕೆ ಹೋಗಿವೆ ಅಂತ ಹುಡುಕಿ.

ಕಾರು ಇನ್ನೂ ನಿಮ್ಮ ಹತ್ರ ಇರೋ ತನಕ, ಅಪಘಾತ ಆಗಿ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ (ರಿಪೇರಿ ಮಾಡಿ ಪ್ರಯೋಜನ ಇಲ್ಲ) ಅಂತ ಬರೆದ್ರೆ ನಂಬರ್ ಕೂಡ ಅವರ ಜೊತೆ ಹೋಗೋ ಸಾಧ್ಯತೆ ಇದೆ. ರಿಟೆನ್ಶನ್ ಆಗೋ ತನಕ ಅದನ್ನ ರಸ್ತೆಗೆ ಇಳಿಸ್ದೇ ಇರೋದು ವಾಸಿ. ಆಮೇಲೆ ವಿ778 ಕೈಗೆ ಬಂದ ಮೇಲೆ ಅದನ್ನ ದುಡ್ಡಿನ ಥರಾನೇ ಇಟ್ಕೊಳ್ಳಿ. ಅದರಲ್ಲಿರೋ ವಿವರ ಸಿಕ್ಕಿದ್ರೆ ಬೇರೆಯವರು ಆನ್‌ಲೈನಲ್ಲೇ ನಂಬರನ್ನ ಒಂದು ಕಾರಿಗೆ ಹಾಕಿಸ್ಕೊಂಡುಬಿಡಬಹುದು, ಆಮೇಲೆ ವಾಪಸ್ ತರೋದು ಕಷ್ಟದ ಕೆಲಸ. ಗಿರಾಕಿ ಎಷ್ಟೇ ಒಳ್ಳೆಯವರ ಥರ ಮಾತಾಡ್ಲಿ, ದುಡ್ಡು ಅಕೌಂಟಿಗೆ ಬಂದು ಕ್ಲಿಯರ್ ಆಗೋ ತನಕ ಅದರ ಫೋಟೋ ಯಾರಿಗೂ ಕಳಿಸ್ಬೇಡಿ, ಇಲ್ಲೂ ಹಾಕ್ಬೇಡಿ.